ಬಿಸಿನೀರಿಗೆ ಬಿದ್ದ ಎಂಟು ಗಜ

ಮೊನ್ನೆ ಮೈಸೂರಿನ ಹುಡುಗಿಯೊಬ್ಬಳು ನಮ್ಮ ಮನೆಗೆ ಬಂದಿದ್ದಳು. ಹುಡುಗಿ ಎಂದರೆ ಎರಡು ಮಕ್ಕಳ ತಾಯಿ, ಹಿಂದಿನ ಬೀದಿಯಲ್ಲಿ ಮನೆ, ಗಂಡ ಕಂಪ್ಯೂಟರಿನವನು. ನಾನು ಒಲೆಯ ಮೇಲಿದ್ದ ಚಹಾದ ಪಾತ್ರೆಯನ್ನು ಒಂದು ಹಸಿರು ಅರಿವೆಯಲ್ಲಿ ಹಿಡಿದು ಇಳಿಸಿದೆ. ಅವಳ ಕಣ್ಣು ಚಹಾದ ಮೇಲೆ ಬೀಳಲಿಲ್ಲ, ಅರಿವೆಯ ಮೇಲೆ ಬಿತ್ತು.

"ಅಜ್ಜಿ, ಎಷ್ಟು ಚೆನ್ನಾಗಿದೆ ಇದು! ಯಾವ ಅಂಗಡೀಲಿ ತಗೊಂಡ್ರಿ? ಪ್ಯೂರ್ ವುಲ್ ಅಲ್ವಾ?"

"ಅಂಗಡ್ಯಾಗ ಸಿಗೂದಿಲ್ಲವಾ ಇದು," ಎಂದೆ. "ನಾ ಕೆಡಿಸಿದ್ದು."

ಅವಳು ನಕ್ಕಳು. ದೊಡ್ಡವರು ವಿನಯಕ್ಕೆ ಹಾಗೆನ್ನುತ್ತಾರೆ ಎಂದುಕೊಂಡಿರಬೇಕು. ನನಗೆ ವಿನಯ ಬರುವುದಿಲ್ಲ. ಕೆಡಿಸಿದ್ದು ಎಂದರೆ ಕೆಡಿಸಿದ್ದೇ. ಹೇಗೆ ಕೆಡಿಸಿದೆ ಎಂದು ಅವಳು ಕೇಳಲಿಲ್ಲ, ನೀವೂ ಕೇಳಿಲ್ಲ, ಆದರೂ ಹೇಳುತ್ತೇನೆ. ನಾನು ಕಲಿತದ್ದು ನಾಲ್ಕನೆಯ ಇಯತ್ತೆ. ವಾಕ್ಯ ಅಲ್ಲಲ್ಲಿ ಸೊಟ್ಟಗಾದರೆ ಸಹಿಸಿಕೊಳ್ಳಿ. ಹೊಲಿಗೆ ಸೊಟ್ಟಗಾದರೆ ಮಾತ್ರ ಸಹಿಸಬೇಡಿ.

ಹಾಲೆಂಡಿನ ಈ ನ್ಯೂವೆಗೈನ್ ಊರಿಗೆ ನಾನು ಮೊದಲ ಸಲ ಬಂದದ್ದು ಮೂರು ತಿಂಗಳಿಗೆಂದು. ಮಗಳು ಶೈಲಾಳ ಮನೆ. ಬಂದು ಮೂರು ವಾರವಾಗಿರಲಿಲ್ಲ, ಕೊರೋನಾ ಬಂತು. ವಿಮಾನ ನಿಂತವು, ಮೊಮ್ಮಗಳ ಶಾಲೆ ಮುಚ್ಚಿತು, ಅಳಿಯನ ಆಫೀಸು ಮಾಳಿಗೆ ಕೋಣೆಗೆ ಬಂದು ಕುಳಿತಿತು. ಮೂರು ತಿಂಗಳು ಹೋಗಿ ಹದಿನಾರು ತಿಂಗಳಾಯಿತು.

ಆ ದಿನಗಳನ್ನು ನೆನೆಸಿ ಕೆಲವರು, ಎಷ್ಟು ಶಾಂತವಾಗಿತ್ತು, ಹಕ್ಕಿಗಳ ದನಿ ಕೇಳಿಸುತ್ತಿತ್ತು ಎನ್ನುತ್ತಾರೆ. ನನಗೆ ಕೇಳಿಸಿದ್ದು ಕಾಲುವೆಯ ಬಾತುಗಳ ಜಗಳ ಮತ್ತು ನನ್ನದೇ ಕಾಲಿನ ಸದ್ದು. ಈ ದೇಶದಲ್ಲಿ ಮನೆಯೊಳಗಿನ ಮೆಟ್ಟಿಲು ಏಣಿ ಇಟ್ಟಹಾಗೆ ನೆಟ್ಟಗಿರುತ್ತವೆ. ನಮ್ಮ ಮನೆಯಲ್ಲಿ ಹದಿನಾಲ್ಕು. ಹತ್ತಿ ಹೋಗಿ ಯಾಕೆ ಬಂದೆ ಎಂದು ಮರೆತು ಇಳಿಯುತ್ತಿದ್ದೆ, ಇಳಿದ ಮೇಲೆ ನೆನಪಾಗಿ ಮತ್ತೆ ಹತ್ತುತ್ತಿದ್ದೆ. ಬೀದಿಗೆ ಗೋಡೆಯಷ್ಟು ದೊಡ್ಡ ಕಿಟಕಿ. ಪರದೆ ಎಳೆದು ಕೂರುವುದು ಇಲ್ಲಿಯವರ ಪದ್ಧತಿಯಲ್ಲ. ನಾನು ಕಿಟಕಿಯಲ್ಲಿ ನಿಂತು ಎದುರಿನ ಮನೆಯ ಮುದುಕನನ್ನು ನೋಡುತ್ತಿದ್ದೆ, ಅವನು ಅವನ ಕಿಟಕಿಯಲ್ಲಿ ನಿಂತು ನನ್ನನ್ನು ನೋಡುತ್ತಿದ್ದ. ಇಬ್ಬರಿಗೂ ಬೇರೆ ಕೆಲಸವಿರಲಿಲ್ಲ.

ಕೈ ಸುಮ್ಮನಿದ್ದರೆ ನನಗೆ ಮೈಯೆಲ್ಲ ತುರಿಸಿದಂತಾಗುತ್ತದೆ. ನಮ್ಮಪ್ಪ ಬೆಟಗೇರಿಯಲ್ಲಿ ದರ್ಜಿ. ಒಂದು ಅರಿವೆ ಅಂಗಡಿಯ ಕಟ್ಟೆಯ ಮೇಲೆ ಮಷೀನು ಹಾಕಿಕೊಂಡು ಕೂರುತ್ತಿದ್ದ. ಏಳನೆಯ ವಯಸ್ಸಿಗೆ ನನ್ನ ಕೈಗೆ ಸೂಜಿ ಕೊಟ್ಟು ಕಾಜಾ ಮಾಡಲು ಕೂರಿಸಿದ. ನಾಲ್ಕನೆಯದಕ್ಕೆ ಶಾಲೆ ಬಿಡಿಸಿದ್ದೂ ಅದಕ್ಕೇ. ನಾನು ಅತ್ತೆನಂತೆ, ನನಗೆ ನೆನಪಿಲ್ಲ. ನೆನಪಿರುವುದು ಗುಂಡಿ ಸರಾಗವಾಗಿ ಕಾಜಾದೊಳಗೆ ಹೋದ ಮೊದಲ ದಿನ.

ಹೀಗಾಗಿ ಬೀಗ ಬಿದ್ದ ಮೊದಲ ತಿಂಗಳಲ್ಲಿ ಮನೆಯ ಪರದೆಗಳನ್ನೆಲ್ಲ ಬಿಚ್ಚಿ ಮತ್ತೆ ಅಂಚು ಹೊಲಿದೆ. ಅಳಿಯನ ಪ್ಯಾಂಟುಗಳನ್ನು ಗಿಡ್ಡ ಮಾಡಿದೆ.

"ಅವ್ವಾ, ಅವು ಉದ್ದ ಅದಾವು ಅಂತ ಯಾರ್ ಹೇಳಿದ್ರು ನಿನಗ?" ಎಂದು ಶೈಲಾ ಕೂಗಾಡಿದಳು.

"ನೆಲಾ ಬಳೀತಿದ್ವು."

"ಅದು ಫ್ಯಾಶನ್ ಅವ್ವಾ! ಮೀಟಿಂಗಿಗೆ ಹಾಕ್ಕೊಳ್ಳೂ ಪ್ಯಾಂಟು!"

"ಮೀಟಿಂಗಿನ್ಯಾಗ ಕಾಲು ಯಾರಿಗೆ ಕಾಣಸ್ತಾವು? ಚಡ್ಡಿ ಮ್ಯಾಲೇ ಕೂತಿರ್ತಾನಲ್ಲ."

ಅಳಿಯ ಆ ಗಿಡ್ಡ ಪ್ಯಾಂಟನ್ನೇ ತೊಟ್ಟು ಮಾಳಿಗೆ ಹತ್ತಿದ. ಅವನ ಹೆಸರು ಕ್ಯಾಲಮ್, ಸ್ಕಾಟ್ಲೆಂಡಿನವನು. ನಮ್ಮ ಓಣಿಯವರ ಬಾಯಲ್ಲಿ ಕಲ್ಲಪ್ಪ. ಶೈಲಾ ಇಲ್ಲಿ ಓದುತ್ತಿದ್ದಾಗ ಕೂಡಿದವರು. ಅವನಿಗೆ ಬರುವ ಕನ್ನಡ ಎರಡು ಮಾತು: "ಅತ್ತಿ, ಚಾ?" ಆ ಎರಡು ಮಾತಿನಲ್ಲಿ ಹದಿಮೂರು ವರ್ಷ ನಮ್ಮಿಬ್ಬರ ನಡುವೆ ಒಂದು ಜಗಳವೂ ಆಗಿಲ್ಲ.

ಆಮೇಲೆ ಮಾಸ್ಕು ಹೊಲಿದೆ. ಹಳೆಯ ಇಳಕಲ್ ಸೀರೆಯೊಂದನ್ನು ಹರಿದು ಹೊಲಿದು ಅಕ್ಕಪಕ್ಕದವರ ಬಾಗಿಲಿಗೆ ತೂಗುಹಾಕಿ ಬಂದೆ. ಒಂದು ವಾರದಲ್ಲಿ ಬೀದಿಯ ಅರ್ಧ ಜನರ ಮೂತಿಯ ಮೇಲೆ ನನ್ನ ಸೆರಗಿತ್ತು. ಅದೂ ಮುಗಿಯಿತು. ಮತ್ತೆ ಮೆಟ್ಟಿಲು, ಮತ್ತೆ ಕಿಟಕಿ, ಮತ್ತೆ ಆ ಮುದುಕ.

ಮನೆಯಲ್ಲಿ ನನ್ನಷ್ಟೇ ಚಡಪಡಿಸುತ್ತಿದ್ದವಳು ಮೊಮ್ಮಗಳು ತಾರಾ. ಆಗ ಹತ್ತು ವರ್ಷ. ಅವಳು ತನ್ನಪ್ಪನ ಊರಿನ ಕುಣಿತ ಕಲಿಯುತ್ತಿದ್ದಳು. ಪಾಠವೂ ಲ್ಯಾಪ್‌ಟಾಪಿಗೆ ಬಂದಿತ್ತು. ಪಡಸಾಲೆಯ ಸೋಫಾ ಸರಿಸಿ, ತುದಿಗಾಲಲ್ಲಿ ನಿಂತು, ಒಂದು ಕೈ ಜಿಂಕೆಯ ಕೊಂಬಿನಂತೆ ಮೇಲೆತ್ತಿ, ಕಾದ ಹೆಂಚಿನ ಮೇಲೆ ಕಾಲಿಟ್ಟವಳಂತೆ ನಿಂತಲ್ಲೇ ಜಿಗಿಯುತ್ತಿದ್ದಳು. ಗೋಡೆಯ ಗಡಿಯಾರ ಅಲುಗುತ್ತಿತ್ತು. ಒಂದು ಹೆಜ್ಜೆ ತಪ್ಪಿದರೆ ಡಚ್ಚಿನಲ್ಲಿ ಏನೋ ಬೈದುಕೊಂಡು ಮೊದಲಿಂದ ಶುರು. ಅದು ನನಗೆ ಹಿಡಿಸಿತು.

ಈ ಕುಣಿತಕ್ಕೆ ತೊಡುವುದು ಕಿಲ್ಟು. ಸೊಂಟಕ್ಕೆ ಸುತ್ತಿಕೊಳ್ಳುವ ಉಣ್ಣೆಯ ಲಂಗ ಎನ್ನಿ. ಮುಂದೆ ಸಪಾಟು, ಹಿಂದೆಲ್ಲ ನಿರಿಗೆ. ಗಂಡಸರೂ ತೊಡುತ್ತಾರೆ. ಮದುವೆಗೆ ಬೆಟಗೇರಿಗೆ ಬಂದಾಗ ಕ್ಯಾಲಮ್ ಅದನ್ನೇ ತೊಟ್ಟಿದ್ದ. ಚಪ್ಪರದ ತುಂಬ ಕಿಸಿಕಿಸಿ. ನಮ್ಮಣ್ಣ ನನ್ನ ಕಿವಿಯ ಹತ್ತಿರ ಬಂದು, "ಒಳಗ ಏನರ ಹಾಕ್ಯಾನೇನು ಕೇಳವಾ," ಎಂದ. ನಗದವನು ನಮ್ಮಪ್ಪ ಒಬ್ಬನೇ. ಎಂಬತ್ತು ದಾಟಿತ್ತು ಅವನಿಗೆ. ಕೋಲು ಊರಿಕೊಂಡು ಮದುಮಗನ ಹಿಂದೆ ಹೋದ, ಕುಕ್ಕರಗಾಲಲ್ಲಿ ಕುಳಿತ, ಅಂಚು ಹಿಡಿದು ಮಗುಚಿದ. ಮದುಮಗ ಬೆಚ್ಚಿ ನೆಗೆದ. ಅಪ್ಪ ಬಿಡಲಿಲ್ಲ. ಬಾಯಿಬಿಟ್ಟು ಎಣಿಸಿದ.

"ಇಪ್ಪತ್ತಾರು ನಿರಿಗಿ. ಕೈ ಹೊಲಿಗಿ ಐತಿ. ಯಾರು ಹೊಲದದ್ದು ಕೇಳು."

ಶೈಲಾ ಕೇಳಿ ಹೇಳಿದಳು, ಅವರವ್ವ ಎಂದು.

ಅವರವ್ವ, ನನ್ನ ಬೀಗತಿ ಮೋರಾಗ್, ಅಲ್ಲೇ ಫ್ಯಾನಿನ ಕೆಳಗೆ ಟೊಮೆಟೊದ ಹಾಗೆ ಕೆಂಪಗಾಗಿ ಕುಳಿತಿದ್ದಳು. ಅಪ್ಪ ಆಕೆಯ ಕಡೆ ನೋಡಿ, "ಆಕಿಗೆ ಹೊಲಿಯಾಕ ಬರತೈತಿ," ಎಂದ. ನನಗೆ ಅರವತ್ತು ವರ್ಷದಲ್ಲಿ ಒಮ್ಮೆಯೂ ಆ ಮಾತು ಅಂದವನಲ್ಲ. ಬೀಗತಿಯ ಮೇಲೆ ನನಗೆ ಸಣ್ಣದೊಂದು ಹೊಟ್ಟೆಕಿಚ್ಚು ಆವತ್ತೇ ಹುಟ್ಟಿತು. ಆಮೇಲೆ ನಾವಿಬ್ಬರು ಸೇರಿದ್ದು ಎರಡು ಸಲ. ನಡುವೆ ಭಾಷೆ ಇಲ್ಲ. ಆಕೆ ನಗುತ್ತಿದ್ದಳು, ನಾನು ನಗುತ್ತಿದ್ದೆ, ಆಮೇಲೆ ಇಬ್ಬರೂ ಬೇರೆ ಕಡೆ ನೋಡುತ್ತಿದ್ದೆವು.

ಕೊರೋನಾ ಬಂದಾಗ ಆಕೆಗೆ ಎಂಬತ್ತಮೂರು. ಸ್ಕಾಟ್ಲೆಂಡಿನಲ್ಲಿ ವಯಸ್ಸಾದವರನ್ನು ನೋಡಿಕೊಳ್ಳುವ ಒಂದು ಮನೆಯಲ್ಲಿದ್ದಳು. ಸಂಧಿವಾತದಿಂದ ಬೆರಳು ಮಡಚಿಕೊಂಡು ಸೂಜಿ ಹಿಡಿಯಲು ಬರುತ್ತಿರಲಿಲ್ಲ. ಆ ಮನೆಯ ಬಾಗಿಲೂ ಮುಚ್ಚಿತ್ತು, ಮಗನೂ ಹೋಗುವಂತಿರಲಿಲ್ಲ.

ಆಕೆಯ ಬಳಿ ಒಂದು ಬಟ್ಟೆ ಇತ್ತು. ಎಂಟು ಗಜ ಉಣ್ಣೆ, ಹಸಿರು ನೀಲಿ ಚೌಕಳಿ, ನಡುವೆ ಕೂದಲೆಳೆಯಷ್ಟು ಹಳದಿ ಗೀರು. ಆಕೆಯ ತಾಯಿ ನೇಯ್ಗೆಯ ಗಿರಣಿಯಲ್ಲಿ ಕೆಲಸಕ್ಕಿದ್ದಾಗ ತನ್ನ ಕೈಯಾರೆ ನೇಯ್ದದ್ದು. ಗಿರಣಿ ಎಂದೋ ಹೋಯಿತು. ಅವರ ಮನೆಯ ಹೆಣ್ಣುಮಕ್ಕಳು ಮೊದಲ ಸಲ ನಾಲ್ಕು ಜನರೆದುರು ಕುಣಿಯುವಾಗ ಅದೇ ಬಟ್ಟೆಯ ಕಿಲ್ಟು ತೊಡಬೇಕು. ಹಾಗೆ ತೊಟ್ಟ ನಾಲ್ವರ ಫೋಟೋಗಳು ನಮ್ಮ ಮೆಟ್ಟಿಲ ಗೋಡೆಯ ಮೇಲಿದ್ದವು. ಐದನೆಯದಕ್ಕೆ ಕ್ಯಾಲಮ್ ಮೊಳೆ ಹೊಡೆದಾಗಿತ್ತು. ಅಕ್ಟೋಬರಿನಲ್ಲಿ ತಾರಾಳ ಕುಣಿತದ ಶಾಲೆಯವರು ಲ್ಯಾಪ್‌ಟಾಪಿನ ಪರದೆಯ ಮೇಲೇ ಒಂದು ಪ್ರದರ್ಶನ ಇಟ್ಟುಕೊಂಡಿದ್ದರು. ಬೀಗತಿ ಬಟ್ಟೆಯನ್ನು ಅಂಚೆಗೆ ಹಾಕಿಸಿದಳು. ಆ ಬಟ್ಟೆಯಲ್ಲಿ ಉಳಿದದ್ದು ಇಷ್ಟೇ, ತಾರಾಗೆ ಈಗೊಂದು ಕಿಲ್ಟು, ಬೆಳೆದು ದೊಡ್ಡವಳಾದ ಮೇಲೆ ಇನ್ನೊಂದು ಆಗುತ್ತದೆ ಎಂದು ಚೀಟಿಯಲ್ಲಿ ಬರೆಸಿದ್ದಳು. ಹೊಲಿಯುವವಳು ನಾನು. ತಾನು ಇರುವಾಗ ಆ ಹುಡುಗಿಯನ್ನು ಅದರಲ್ಲಿ ನೋಡಬೇಕು ಎಂಬುದೊಂದೇ ಆಕೆಯ ಆಸೆ.

ಬಟ್ಟೆ ಒಂದು ಗುರುವಾರ ಬಂತು. ಮಗಳು ಅಂಗಡಿಗೆ ಹೋಗಿದ್ದಳು, ಅಳಿಯ ಮಾಳಿಗೆಯಲ್ಲಿ. ನಾನು ಪೊಟ್ಟಣ ಬಿಚ್ಚಿದೆ. ಡಾಂಬರಗುಳಿಗೆಯ ವಾಸನೆ ಮೂಗಿಗೆ ರಪ್ಪೆಂದಿತು. ಆಗ ನಾವು ಹೊರಗಿನಿಂದ ಬಂದ ಬದನೆಕಾಯಿಗೂ ಸೋಪು ಹಚ್ಚುತ್ತಿದ್ದ ಕಾಲ. ಯಾರ ಕೈಯಿಂದ ಯಾರ ಕೈಗೆ ದಾಟಿ ಬಂದ ಬಟ್ಟೆಯೋ. ಅದಲ್ಲದೆ ನಮ್ಮಪ್ಪನ ಕಟ್ಟಳೆಯೊಂದಿತ್ತು. ಹೊಸ ಬಟ್ಟೆ ಯಾವುದೇ ಬರಲಿ, ನೀರಿಗೆ ಹಾಕದೆ ಕತ್ತರಿ ಮುಟ್ಟಿಸಬಾರದು. ನೂಲಿನ ಬಟ್ಟೆ ಮೊದಲ ನೀರಿಗೆ ಕುಗ್ಗುತ್ತದೆ. ಹೊಲಿದ ಮೇಲೆ ಕುಗ್ಗಿದರೆ ದರ್ಜಿಯ ಮಾನ ಹೋಗುತ್ತದೆ. ಹೀಗೆ ಕೊರೋನಾದ ಭಯ, ಅಪ್ಪನ ಕಟ್ಟಳೆ ಎರಡೂ ಕೂಡಿ ನನ್ನನ್ನು ಬಚ್ಚಲಿಗೆ ಕರೆದುಕೊಂಡು ಹೋದವು.

ಟಬ್ಬಿನ ತುಂಬ ಸುಡುನೀರು ಬಿಟ್ಟೆ. ಸೋಪಿನ ಪುಡಿ ಹಾಕಿದೆ. ಸೀರೆ ಎತ್ತಿ ಕಟ್ಟಿಕೊಂಡು ಒಳಗಿಳಿದು ತುಳಿದೆ. ನಿಜ ಹೇಳಬೇಕೆಂದರೆ ಖುಷಿಯಾಯಿತು. ಎಷ್ಟೋ ದಿನಕ್ಕೆ ಕಾಲಿಗೊಂದು ಕೆಲಸ. ಅರ್ಧ ಗಂಟೆ ತುಳಿದೆ.

ಬೆಟಗೇರಿಯಲ್ಲಿ ನಮ್ಮ ಮನೆಯ ಹಿಂದಿನ ಓಣಿ ಕಂಬಳಿ ನೇಯುವವರದು. ಬಿಸಿನೀರು ಕಂಡರೆ ಉಣ್ಣೆ ಏನಾಗುತ್ತದೆ ಎಂದು ಅಲ್ಲಿಯ ಐದು ವರ್ಷದ ಕೂಸೂ ಹೇಳುತ್ತಿತ್ತು. ನನಗೂ ಗೊತ್ತಿತ್ತು. ಆದರೆ ಉಣ್ಣೆ ಎಂದರೆ ನನ್ನ ತಲೆಯಲ್ಲಿ ಕರೀ ಕಂಬಳಿ; ಇಷ್ಟು ತೆಳ್ಳಗೆ, ಇಷ್ಟು ಬಣ್ಣವಾಗಿ, ಕಾಗದದಲ್ಲಿ ಮಡಚಿ ಬಂದದ್ದನ್ನು ನನ್ನ ಕೈ ಅರಿವೆ ಎಂದೇ ತಿಳಿಯಿತು. ಎತ್ತಿ ಹಿಂಡಿದಾಗ ತಿಳಿಯಿತು. ಎಂಟು ಗಜ ಆರಕ್ಕೂ ಕಡಿಮೆಯಾಗಿತ್ತು. ಅಗಲದಲ್ಲೂ ಹತ್ತಿರ ಹತ್ತಿರ ಒಂದು ಗೇಣು ಕಡಿಮೆಯಾಗಿತ್ತು. ದಪ್ಪಗೆ, ಬಿರುಸಾಗಿ, ಒಂದು ತುದಿಯಂತೂ ಮುದ್ದೆಗಟ್ಟಿ ಕೂತಿತ್ತು. ಆ ತುದಿಯ ತುಂಡೇ ಈಗ ನಾನು ಚಹಾದ ಪಾತ್ರೆ ಇಳಿಸುವ ಅರಿವೆ.

ನಾನು ಇದ್ದದ್ದನ್ನು ಇದ್ದಹಾಗೆ ಮುಖಕ್ಕೆ ಹೇಳುವವಳು ಎಂದು ಊರಲ್ಲಿ ಹೆಸರು. ಆ ಹೆಸರಿನವಳು ಮೂರು ದಿನ ಬಾಯಿ ಬಿಡಲಿಲ್ಲ. ಒದ್ದೆ ಬಟ್ಟೆಯ ಒಂದು ತುದಿಯನ್ನು ಹಿತ್ತಲ ಬೇಲಿಗೆ ಕಟ್ಟಿ, ಇನ್ನೊಂದು ತುದಿಯನ್ನು ಸೊಂಟಕ್ಕೆ ಸುತ್ತಿಕೊಂಡು, ಗಾಣದ ಎತ್ತಿನ ಹಾಗೆ ಎಳೆಯುತ್ತ ನಿಂತೆ.

ಶೈಲಾ ಅಡಿಗೆಮನೆಯ ಬಾಗಿಲಿಗೆ ಬಂದಳು. "ಅವ್ವಾ, ಏನ್ ಮಾಡಾಕತ್ತಿ?"

"ವ್ಯಾಯಾಮ."

"ಅದ್ಯಾವ ಅರಿವಿ?"

"ನಿಮ್ಮತ್ತೀದು. ನೀರಿಗೆ ಹಾಕಿದ್ದೆ. ಒಣಗಸಾಕತ್ತೀನಿ. ಒಳಗ ನಡಿ, ನಿನ್ನ ಪಲ್ಯ ಸೀದೀತು."

ಎಳೆದದ್ದಕ್ಕೆ ಗೇಣುದ್ದ ಬಂತು, ಅಷ್ಟೇ. ಆ ಮೂರು ದಿನ ಮೆಟ್ಟಿಲು ಹತ್ತುವಾಗೆಲ್ಲ ಆ ಖಾಲಿ ಮೊಳೆ ನನ್ನ ಕಣ್ಣಿಗೆ ಚುಚ್ಚುತ್ತಿತ್ತು. ನಾನು ಬೇಕೆಂದೇ ಹತ್ತುವುದನ್ನು ಬಿಟ್ಟೆ. ಕೆಳಗೇ ಅಡ್ಡಾಡಿದೆ.

ರವಿವಾರ ಬೀಗತಿಯ ಕರೆ. ಎಲ್ಲರೂ ಸೋಫಾದ ಮೇಲೆ ಕೂತೆವು. ಪರದೆಯಲ್ಲಿ ಆಕೆ, ಪಕ್ಕದಲ್ಲಿ ಫೋನು ಹಿಡಿದ ನರ್ಸಿನ ಹೆಬ್ಬೆರಳು. ಬಟ್ಟೆ ತೋರಿಸಿ ಎಂದಳು. ನಾನು ಕೋಣೆಯ ಆ ತುದಿಗೆ ಹೋಗಿ ನಿಂತು ಹಿಡಿದೆ. ಹತ್ತಿರ ಎಂದಳು. ಎರಡು ಹೆಜ್ಜೆ ಬಂದೆ. ಇನ್ನೂ ಹತ್ತಿರ. ಕನ್ನಡಕದೊಳಗೆ ಕಣ್ಣು ಸಣ್ಣಗೆ ಮಾಡಿದಳು. ಆಮೇಲೆ ಒಂದೇ ಒಂದು ಸಣ್ಣ ಮಾತಾಡಿದಳು. ಕ್ಯಾಲಮ್‌ನ ಮುಖ ಕೆಂಪಾಯಿತು.

"ಏನಂತಾಳ?" ಎಂದು ತಾರಾಳನ್ನು ಕೇಳಿದೆ.

"ಗ್ರ್ಯಾನಿ ಕೇಳ್ತಾಳ, ಚೌಕ ಯಾಕ ಚೌಕ ಇಲ್ಲ ಅಂತ. ಉದ್ದ ಆಗ್ಯಾವಂತ."

ಬೇಲಿಗೆ ಕಟ್ಟಿ ಎಳೆದಿದ್ದೆನಲ್ಲ. ಸಮುದ್ರದ ಆಚೆಯಿಂದ, ಅಂಗೈಯಗಲದ ಪರದೆಯಲ್ಲಿ, ಎಂಬತ್ತಮೂರರ ಕಣ್ಣಿಗೆ ಅದು ಕಂಡಿತ್ತು.

"ಹೇಳು," ಎಂದೆ. "ಬಿಸಿನೀರಾಗ ಹಾಕಿ ತುಳದಳು ಅಂತ ಹೇಳು. ಸೋಪು ಹಾಕಿದ್ಳು ಅನ್ನು. ನನಗ ಯಾರೂ ಹೇಳಿರಲಿಲ್ಲ ಅಂತ... ಬ್ಯಾಡ, ಅದನ್ನ ಹೇಳಬ್ಯಾಡ. ಬರೇ ತುಳದಳು ಅನ್ನು."

ತಾರಾ ಹೇಳಿದಳು. ಇಂಗ್ಲಿಷಿನಲ್ಲಿ ಸಾಲದೆಂದು ಎದ್ದು ನಿಂತು ಕಾಲಿನಿಂದ ತುಳಿದೂ ತೋರಿಸಿದಳು. ಬೀಗತಿ ನರ್ಸಿಗೆ ಏನೋ ಅಂದಳು. ಪರದೆ ಕಪ್ಪಾಯಿತು.

ಮನೆಯಲ್ಲಿ ಯಾರೂ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ತಿರುಗಿ ಬೈದು ಹಗುರಾಗುತ್ತಿದ್ದೆ. ಕ್ಯಾಲಮ್ ಹೊರಗೆ ಹೋಗಿ ಸೈಕಲ್ಲಿನ ಚೈನಿಗೆ ಎಣ್ಣೆ ಹಾಕುತ್ತ ಕೂತ. ತಾರಾ ಮಾತ್ರ, "ಆಯಿ, ಈಗ ನಾ ಏನ್ ಹಾಕ್ಕೊಂಡು ಕುಣೀಲಿ?" ಎಂದಳು. ಅಳಲಿಲ್ಲ. ಮೇಲೆ ಹೋಗಿ ಬಾಗಿಲು ಹಾಕಿಕೊಂಡಳು. ನಾನು ಟೇಪು ತಂದು ಬಟ್ಟೆಯನ್ನು ಮತ್ತೊಮ್ಮೆ ಅಳೆದೆ.

ಬುಧವಾರ ಮಧ್ಯಾಹ್ನ ಬೀಗತಿ ತಾನಾಗಿ ಕರೆ ಮಾಡಿದಳು. ತಾರಾಳನ್ನು ಕರೆದು ನನ್ನನ್ನು ಎದುರಿಗೆ ಕೂರಿಸಲು ಹೇಳಿದಳು.

"ಆಯಿ, ಗ್ರ್ಯಾನಿ ಅಂತಾಳ, ಇನ್ನ ಮ್ಯಾಲೆ ಆಕಿ ಹೇಳಿದ್ದಷ್ಟೇ ಮಾಡಬೇಕು. ಇಸ್ತ್ರಿ ಮುಟ್ಟಬಾರದು. ನೀರು ಮುಟ್ಟಬಾರದು. ಕಿಲ್ಟು ಎರಡು ಆಗೂದಿಲ್ಲ, ಒಂದು ಆಗ್ತೈತಿ."

"ಅಷ್ಟೇ ಏನು? ಇನ್ನೂ ಏನೋ ಅಂದ್ಳಲ್ಲ."

"ಅದು... ಚಲೋ ಮಾತಲ್ಲ, ಆಯಿ."

"ಹೇಳವಾ."

"ಬ್ಯಾಡ ಹೋರ್," ಎಂದು ತಾರಾ ಡಚ್ಚರು ಮಾತಿನ ಕೊನೆಗೆ ಹಚ್ಚುವ 'ಹೋರ್' ಹಚ್ಚಿ ತಲೆಯಾಡಿಸಿದಳು.

ನಮ್ಮಲ್ಲಿ ಬೀಗತಿಯರು ಮನಸ್ಸಿನಲ್ಲಿ ಏನೇ ಇರಲಿ, ಒಬ್ಬರಿಗೊಬ್ಬರು 'ರೀ' ಹಚ್ಚಿಯೇ ಮಾತಾಡುತ್ತಾರೆ. ಇಲ್ಲಿ ಆ ಉಪಚಾರ ಇರಲಿಲ್ಲ. ಅಂದಿನಿಂದ ದಿನಾ ಮಧ್ಯಾಹ್ನ ಎರಡಕ್ಕೆ ಆಕೆ ಬೈಯುವುದು, ನಾನು ಹೊಲಿಯುವುದು, ನಡುವೆ ತಾರಾ ಎರಡೂ ಕಡೆಯ ಬೈಗುಳ ಸೋಸಿ ಉಳಿದದ್ದನ್ನು ದಾಟಿಸುವುದು. ಒಮ್ಮೊಮ್ಮೆ ಆಕೆ ಐದು ನಿಮಿಷ ಮಾತಾಡಿದರೆ ಈಚೆಗೆ ಬರುತ್ತಿದ್ದದ್ದು ಮೂರು ಶಬ್ದ.

ಮೊದಲ ಜಗಳ ಅಂಚಿನದು. ಬೆಳೆಯುವ ಹುಡುಗಿಯ ಲಂಗಕ್ಕೆ ಕೆಳಗೆ ನಾಲ್ಕು ಬೆರಳು ಮಡಚಿ ಹೊಲಿಯುವುದು ನನ್ನ ಕೈಗೆ ತಾನಾಗಿ ಬರುವ ಕೆಲಸ. ವರ್ಷಕ್ಕೊಮ್ಮೆ ಬಿಚ್ಚಿ ಇಳಿಸಿದರೆ ಮೂರು ವರ್ಷ ಬರುತ್ತದೆ. ನಾನು ಮಡಚಿದ್ದು ನೋಡಿ ಬೀಗತಿ ಕುರ್ಚಿಯಿಂದ ಏಳಲು ಹೋದಳು. ಕಿಲ್ಟಿನ ಕೆಳಅಂಚಿಗೆ ಸೂಜಿ ಮುಟ್ಟಿಸುವಂತಿಲ್ಲವಂತೆ. ನೇಯ್ದವಳು ಬಿಟ್ಟ ಅಂಚೇ ಅಂಚು.

"ಹಂಗಾರ ಹುಡುಗಿ ಬೆಳದ್ರ ಏನ್ ಮಾಡೂದು ಕೇಳು."

"ಮ್ಯಾಲಿನ ಕಡೆ ಬಿಡಬೇಕಂತ. ಒಳಗ. ಕೆಳಗ ದಪ್ಪ ಆದ್ರ ಅದು ಹಾರೂದಿಲ್ಲಂತ."

ಎರಡನೆಯ ಜಗಳ ನಿರಿಗೆಯದು. ಕಿಲ್ಟಿನ ನಿರಿಗೆ ಸುಮ್ಮನೆ ಮಡಚಿದರೆ ಆಗದು. ಪ್ರತಿ ಮಡಿಕೆಯ ಮೇಲೂ ಚೌಕದ ಗೀರು ಪಕ್ಕದ ಮಡಿಕೆಯ ಗೀರಿಗೆ ಕೂಡಬೇಕು. ನಿರಿಗೆ ಹಿಡಿದ ಮೇಲೂ ಬಟ್ಟೆ ಮಡಚಿಯೇ ಇಲ್ಲವೆಂಬಂತೆ ಕಾಣಬೇಕು. ಸೊಂಟದಲ್ಲಿ ಸಪೂರ, ಕೆಳಗೆ ಅಗಲ. ನನ್ನ ಚೌಕಗಳೋ ಒಂದು ಕಡೆ ಉದ್ದ, ಒಂದು ಕಡೆ ಗಿಡ್ಡ, ಒಂದು ಕಡೆ ಕುಡಿದವರ ಹಾಗೆ ವಾಲಿದ್ದವು. ಆಕೆ ಒಂದೊಂದನ್ನೂ ನೋಡಿ, ಇದನ್ನು ಒಳಗೆ ಮುಚ್ಚು, ಇದನ್ನು ಮೇಲೆ ತಾ ಎಂದು ಹೇಳಿಸುತ್ತಿದ್ದಳು. ಇಪ್ಪತ್ತಾರು ಬರಬೇಕಿದ್ದಲ್ಲಿ ದಪ್ಪಕ್ಕೆ ಇಪ್ಪತ್ತೇ ಬಂದವು. ಹಿಡಿದ ನಿರಿಗೆ ಸರಿಯದಂತೆ ನಾನು ಬಟ್ಟೆಯನ್ನು ಕಾಲಿನ ಹೆಬ್ಬೆರಳಿಗೆ ಸಿಕ್ಕಿಸಿ ಎಳೆದುಕೊಂಡು ಹೊಲಿಯುತ್ತೇನೆ. ನಮ್ಮಪ್ಪ ಕಲಿಸಿದ್ದೇ ಹಾಗೆ. ಒಮ್ಮೆ ತಾರಾ ಲ್ಯಾಪ್‌ಟಾಪ್ ಬಾಗಿಸಿದಾಗ ಅದು ಆಕೆಯ ಕಣ್ಣಿಗೆ ಬಿತ್ತು. ಕಾಲು ಸರಿಯಾಗಿ ಕಾಣುವಂತೆ ಹಿಡಿ ಎಂದಳು. ನರ್ಸನ್ನೂ ಕರೆದು ತೋರಿಸಿದಳು. ಆ ದಿನ ಬೈಗುಳ ಕಡಿಮೆಯಿತ್ತು.

ಇದನ್ನು ಯಾ‌ರಿಂದ ಕಲಿತೆ ಎಂದು ಆಕೆ ಕೇಳಿಸಿದಳು. ನಾನು ಅಪ್ಪನ ವಿಷಯ ಹೇಳಿದೆ. ಅಪ್ಪನ ದೊಡ್ಡ ಕಸುಬು ಅಂಗಿ ಚಡ್ಡಿಗಳಲ್ಲ, ದೊಡ್ಡಾಟದವರ ವೇಷ. ಸುತ್ತಿನ ಹಳ್ಳಿಗಳಿಂದ ಬಯಲಾಟ ಆಡುವವರು ರಾಜನ, ರಕ್ಕಸನ ನಿಲುವಂಗಿ ಹೊಲಿಸಲು ಅವನ ಹತ್ತಿರ ಬರುತ್ತಿದ್ದರು. ಸೊಂಟದಿಂದ ಕೆಳಗೆಲ್ಲ ನಿರಿಗೆ. ಮುಗಿದ ಮೇಲೆ ಅಪ್ಪ ಸುಮ್ಮನೆ ಕೊಟ್ಟು ಕಳಿಸುತ್ತಿರಲಿಲ್ಲ. ಅದನ್ನು ತೊಡಿಸಿ, ಕಟ್ಟೆಯ ಮುಂದೆ ನಡುಬೀದಿಯಲ್ಲಿ ನಿಲ್ಲಿಸಿ, "ಗಿರ್ಕಿ ಹೊಡಿ," ಎನ್ನುತ್ತಿದ್ದ. ಮೀಸೆಯ ಗಂಡಸು, ಎತ್ತಿನ ಸಂತೆಗೆ ಬಂದ ಜನರ ನಡುವೆ, ಗಿರಗಿರ ತಿರುಗುತ್ತಿದ್ದ. ನಿರಿಗೆ ಬಿಚ್ಚಿ ಛತ್ರಿಯಾಗಿ, ನಿಂತೊಡನೆ ಪಟ್ಟೆಂದು ಮುಚ್ಚಿಕೊಂಡರೆ ಸರಿ. ಇಲ್ಲದಿದ್ದರೆ ಅಲ್ಲೇ ಬಿಚ್ಚಿಸಿಕೊಂಡು ಹೊಲಿಗೆ ಕೀಳುತ್ತಿದ್ದ. ವೇಷದವನು ಬರೀ ಚಡ್ಡಿಯಲ್ಲಿ ಕಟ್ಟೆಯ ಮೂಲೆಯಲ್ಲಿ ಕಾಯಬೇಕು. ರಾಜನಾದರೇನು.

ತಾರಾ ಬಾಯಿ ತೆರೆದು ಕೇಳಿದಳು. "ಮುತ್ತಜ್ಜ ಡಾನ್ಸ್ ಡ್ರೆಸ್ ಹೊಲೀತಿದ್ನಾ? ಗಂಡಸರಿಗೆ? ಅಪ್ಪನ ಕಿಲ್ಟಿನ ಹಂಗ?"

"ಅದಕಿಂತ ಚಲೋ. ಕನ್ನಡಿ ಚೂರು ಬ್ಯಾರೆ ಇರ್ತಿದ್ವು."

"ನೀ ನನಗ ಯಾಕ ಹೇಳಿಲ್ಲ?"

"ನೀ ಕೇಳಿಲ್ಲ."

ಅವಳು ಪರದೆಯ ಕಡೆ ತಿರುಗಿ ಇಂಗ್ಲಿಷಿನಲ್ಲಿ ಶುರುಮಾಡಿದಳು. ನಾನು ಹೇಳಿದ್ದು ಎರಡು ನಿಮಿಷ, ಅವಳು ಹೇಳಿದ್ದು ಕಾಲು ಗಂಟೆ. ನಡುವೆ ಎದ್ದು ಗಿರ್ಕಿಯನ್ನೂ ಹೊಡೆದಳು. ಕೊನೆಗೆ, "ಆಯಿ, ನಂದು ಎರಡೂ ಕಡೆ ಡಾನ್ಸ್ ಡ್ರೆಸ್ ಹೊಲಿಯೋ ಫ್ಯಾಮಿಲಿ," ಎಂದಳು, ಹೊಸ ಚಪ್ಪಲಿ ಸಿಕ್ಕಿದಷ್ಟು ಸಹಜವಾಗಿ. ಮರುದಿನದಿಂದ ತಾನೂ ಹೊಲಿಯುತ್ತೇನೆ ಎಂದು ಹಟ. ನನಗೆ ಮಕ್ಕಳ ಕೈಗೆ ಕೆಲಸ ಕೊಡುವುದು ಬೇಡದ ಮಾತು. ಕೊಟ್ಟವರು ಎರಡೆರಡು ಸಲ ಮಾಡಬೇಕು. ಕೊನೆಗೆ ಹತ್ತೊಂಬತ್ತನೆಯ ನಿರಿಗೆಯನ್ನು ಬಿಟ್ಟುಕೊಟ್ಟೆ. ನಾಲಿಗೆ ಕಚ್ಚಿಕೊಂಡು ಎರಡು ದಿನ ಹೊಲಿದಳು. ಸೊಟ್ಟ. ಹಳದಿ ಗೀರು ಪಕ್ಕದ ಗೀರಿನಿಂದ ಅರ್ಧ ಬೆರಳು ಕೆಳಗಿಳಿದಿತ್ತು. ಕಿತ್ತುಹಾಕಬೇಕೆಂದು ಕೈ ತುರಿಸಿತು. ಮರುದಿನವೇ ಪ್ರದರ್ಶನ, ಹೊತ್ತಿರಲಿಲ್ಲ. ಹಾಗೇ ಬಿಟ್ಟೆ. ಹೊತ್ತಿರಲಿಲ್ಲ ಎಂಬುದೇ ಕಾರಣ, ಬೇರೇನೂ ಅಲ್ಲ.

ಪ್ರದರ್ಶನದ ದಿನ ಪರದೆಯ ಮೇಲೆ ಸಣ್ಣ ಸಣ್ಣ ಚೌಕಗಳಲ್ಲಿ ಹನ್ನೆರಡು ಹುಡುಗಿಯರು, ಅವರ ಟೀಚರು, ಒಂದು ಮೂಲೆಯಲ್ಲಿ ಬೀಗತಿ. ತಾರಾಳ ಸರದಿ ಬಂತು. ನಾನು ಅವಳಿಗೆ ಹೇಳಿಟ್ಟಿದ್ದೆ, ಆ ಸೊಟ್ಟ ನಿರಿಗೆಯಿದ್ದ ಎಡಗಡೆ ಆದಷ್ಟು ಗೋಡೆಯ ಕಡೆ ಇರಲಿ ಎಂದು. ಆದರೆ ಕುಣಿತವೆಂದರೆ ತಿರುಗುವುದೇ. ಯಾವ ಕಡೆಯನ್ನು ಎಷ್ಟು ಹೊತ್ತು ಬಚ್ಚಿಡಲಾದೀತು? ಒಳ್ಳೆಯ ಕಿಲ್ಟು ಹಾರುವಂತೆ ಅದು ಹಾರಲಿಲ್ಲ. ದಪ್ಪ ಬಟ್ಟೆ, ಹುಡುಗಿ ತಿರುಗಿ ನಿಂತ ಮೇಲೆ ಅದು ಒಂದು ಕ್ಷಣ ತಡವಾಗಿ ತಿರುಗುತ್ತಿತ್ತು. ಆದರೆ ನಿಂತಾಗ ಪಟ್ಟೆಂದು ಮುಚ್ಚಿಕೊಂಡಿತು. ಹುಡುಗಿ ಒಂದು ಹೆಜ್ಜೆಯನ್ನೂ ತಪ್ಪಲಿಲ್ಲ. ಕ್ಯಾಲಮ್ ಮೂಗು ಒರೆಸಿಕೊಳ್ಳುತ್ತ ಅಡಿಗೆಮನೆಗೆ ಹೋದ. ಬೀಗತಿ ಮೂಲೆಯ ಚೌಕದಲ್ಲಿ ಅಲುಗದೆ ಕೂತಿದ್ದಳು; ಪರದೆ ನಿಂತುಹೋಯಿತೇನೋ ಎಂದುಕೊಂಡೆ.

ಎಲ್ಲ ಮುಗಿದ ಮೇಲೆ ಮನೆಯವರದಷ್ಟೇ ಕರೆ. ಶೈಲಾ ಹೊಗಳಿದಳು, ನರ್ಸು ಚಪ್ಪಾಳೆ ಹೊಡೆದಳು. ಬೀಗತಿ ಕಾದಳು. ಆಮೇಲೆ ಬಾಗಿದ ಬೆರಳು ಎತ್ತಿ ತೋರಿಸಿ ಏನೋ ಅಂದಳು. ತಾರಾ ನನ್ನ ಮುಖ ನೋಡಿದಳು.

"ಎಡಗಡೆ ಒಂದು ನಿರಿಗಿ ಸೊಟ್ಟ ಐತಂತ. ಅದನ್ನ ಯಾರು ಹೊಲದದ್ದು ಅಂತಾಳ."

"ನಾ ಹೊಲದೀನಿ ಅಂತ ಹೇಳು," ಎಂದೆ.

ಯಾಕೆ ಹಾಗಂದೆನೋ ಇಂದಿಗೂ ಗೊತ್ತಿಲ್ಲ. ಅಪ್ಪ ಕೇಳಿದ್ದರೆ ನಾಚಿಕೆಪಡುತ್ತಿದ್ದ. ತಾರಾ ಪರದೆಯ ಕಡೆ ತಿರುಗಿ ಹೇಳಿದಳು. ಅದು ನಾನು ಹೇಳಿದ್ದಕ್ಕಿಂತ ಉದ್ದವಿತ್ತು.

"ಏನಂದಿ?"

"ಆಯಿ ತಾನು ಹೊಲದೀನಿ ಅಂತಾಳ, ಆದ್ರ ಹೊಲದಾಕಿ ನಾನು ಅಂದೆ."

ಬೀಗತಿ ನನ್ನ ಕಡೆ ಹುಬ್ಬು ಗಂಟಿಕ್ಕಿ ನೋಡಿದಳು. ಆಮೇಲೆ ಹುಡುಗಿಗೆ ಒಂದು ಮಾತು. ತಾರಾಳ ಮುಖ ಇಳಿಯಿತು.

"ಕೀಳಬೇಕಂತ. ನಾನೇ ಕಿತ್ತು ನಾನೇ ಹೊಲೀಬೇಕಂತ. ಪ್ರೋಗ್ರಾಮ್ ಮುಗದೈತಲ್ಲ, ಆಯಿ! ಇನ್ಯಾರು ನೋಡ್ತಾರ?"

"ಆಕಿ ನೋಡಿದ್ಳಲ್ಲ," ಎಂದೆ. ಹದಿನೈದು ದಿನದಲ್ಲಿ ಆಕೆ ಹೇಳಿದ ಎಲ್ಲ ಮಾತಿಗೂ ಅಡ್ಡಬಾಯಿ ಹಾಕಿದ್ದೆ. ಇದೊಂದಕ್ಕೆ ಹಾಕಲಿಲ್ಲ.

ತಾರಾ ಮರುದಿನ ಸೂಜಿಯ ಮೊನೆಯಿಂದ ಒಂದೊಂದೇ ಹೊಲಿಗೆ ಎತ್ತಿ ಕಿತ್ತಳು. ಡಚ್ಚಿನಲ್ಲಿ ಇಬ್ಬರು ಅಜ್ಜಿಯರನ್ನೂ ಬೈದಳು. ಬೈಗುಳವೆಂದು ತಿಳಿಯಲು ಭಾಷೆ ಬರಬೇಕಿಲ್ಲ. ಮತ್ತೆ ಹೊಲಿದಳು, ಈಗ ಗೀರು ಮೇಲೆ ಹೋಯಿತು. ನಾನು ಬಾಯಿ ಬಿಡುವ ಮೊದಲೇ ತಾನೇ ನೋಡಿ, ತಾನೇ ಕಿತ್ತಳು. ಮೂರನೆಯ ಸಲ ಚಪ್ಪಲಿ ತೆಗೆದು, ಬಟ್ಟೆಯನ್ನು ಕಾಲ ಹೆಬ್ಬೆರಳಿಗೆ ಸಿಕ್ಕಿಸಿ ಎಳೆದುಕೊಂಡಳು. ನಾನು ಕಿಟಕಿಯ ಕಡೆ ನೋಡುತ್ತ ಕೂತೆ, ಎದ್ದು ಅಡ್ಡಾಡಲಿಲ್ಲ.

ರವಿವಾರ ಬೀಗತಿಗೆ ತೋರಿಸಿದೆವು. ಹತ್ತಿರ ಎಂದಳು. ಇನ್ನೂ ಹತ್ತಿರ. ಪರದೆಯ ತುಂಬ ಆ ನಿರಿಗೆಯೇ ಆಯಿತು. ಆಕೆ ಹಳದಿ ಗೀರನ್ನು ಒಂದು ತುದಿಯಿಂದ ಇನ್ನೊಂದು ತುದಿಗೆ ನೋಡಿದಳು. ಆ ನಿರಿಗೆಯ ಬಗ್ಗೆ ಒಂದು ಮಾತೂ ಅನ್ನಲಿಲ್ಲ. ಈವತ್ತು ಊಟಕ್ಕೆ ಏನು ಮಾಡಿದ್ದೀರಿ ಎಂದು ಕೇಳಿದಳು.

ಕಡಲೆಹಿಟ್ಟು ಬೇಯಿಸಿ, ತಟ್ಟಿ, ಚೌಕವಾಗಿ ಕೊಯ್ದ ಜುಣಕದ ವಡಿ ಮಾಡಿದ್ದೆ. ಅದನ್ನು ಇಂಗ್ಲಿಷಿನಲ್ಲಿ ಹೇಳಲು ತಾರಾಗೆ ಬರಲಿಲ್ಲ. ಅಡಿಗೆಮನೆಗೆ ಓಡಿ ಒಂದು ತುಂಡನ್ನೇ ತಂದು ಕ್ಯಾಮೆರಾಕ್ಕೆ ಹಿಡಿದಳು. ಬೀಗತಿ ಕನ್ನಡಕ ಸರಿಮಾಡಿಕೊಂಡು ಅದನ್ನೂ ಹತ್ತಿರ ತರಿಸಿ ನೋಡಿದಳು. ಅಂಚು ಸೊಟ್ಟ ಕತ್ತರಿಸಿದ್ದೀಯ ಎಂದಳು.